ಮುಳ್ಳುಕಾಯಿಯ ಅಕ್ಷರ

“ಈ ಅಕ್ಷರ ನಿಮ್ಮದೇ ಅಲ್ವಾ, ಸೆನ್ಸೇ?”

ಗಾಜಿನ ಪೆಟ್ಟಿಗೆಯಲ್ಲಿದ್ದ ಹಳೇ ಪತ್ರಿಕೆಯತ್ತ ಬೆರಳು ಮಾಡಿ, ಸಭೆಯೆದುರೇ ಮಿನಾಸೆ ಕೇಳಿದಳು. ಅವಳು ಒಸಾಕಾದ ಮಹಿಳಾ ಕೇಂದ್ರದಲ್ಲಿ ಹಳೇ ಪತ್ರಿಕೆ ಜೋಪಾನ ಮಾಡೋಳು. ಇಷ್ಟು ವರ್ಷ ತೊಕಿಕೊ ತನ್ನ ಹಲ್ಲಿನ ಡಾಕ್ಟರನ್ನ ಗೌರವಕ್ಕೆ ಸೆನ್ಸೇ, ಅಂದರೆ ಗುರುಗಳೇ, ಅಂತಿದ್ದಳು. ಈಗ ಅವಳೇ ಸೆನ್ಸೇ.

“ಅಕ್ಷರ ನನ್ನದೇ.”

ಸುಳ್ಳಲ್ಲ. ಐವತ್ತು ವರ್ಷದ ಹಿಂದೆ ಏಳು ಹೆಂಗಸರು ಸೇರಿ ‘ಮುಳ್ಳುಕಾಯಿ’ ಪತ್ರಿಕೆ ಹೊರಡಿಸಿದ್ದರು. ಯಾರೂ ಹೆಸರು ಹಾಕಬಾರದು ಅಂತ ಶಪಥ. ಹೆಸರು ಹಾಕಿದರೆ ನಾಯಕಿ ಹುಟ್ಟುತ್ತಾಳೆ, ನಾಯಕಿ ಹುಟ್ಟಿದರೆ ಚಹಾ ಮಾಡೋಳು ಬೇರೆ ಹುಟ್ಟುತ್ತಾಳೆ. ಆರು ಜನ ಬರೆದರು. ತೊಕಿಕೊ ತತ್ವಶಾಸ್ತ್ರ ಓದಿದ್ದಳು, ಅಕ್ಷರ ಮುತ್ತು. ಮೇಣದ ಹಾಳೆ ಮೇಲೆ ಕಬ್ಬಿಣದ ಕಡ್ಡಿಯಲ್ಲಿ ಎಲ್ಲರ ಸಿಟ್ಟನ್ನೂ ಅವಳೇ ಗೀಚಿದಳು; ಗೀಚಿದಲ್ಲಿ ಮಾತ್ರ ಮಸಿ ಇಳಿಯುತ್ತೆ. ತನ್ನದು ಅಂತ ಒಂದು ಸಾಲೂ ಇಲ್ಲ. ಚಹಾನೂ ಅವಳೇ ಮಾಡಿದಳು.

“‘ಗಂಡನ ಚಡ್ಡಿ ಒಗೆಯದ ಮುನ್ನೂರು ದಿನ’ ಲೇಖನ ಓದಿಯೇ ನಮ್ಮಜ್ಜಿ ಮನೆ ಬಿಟ್ಟಿದ್ದು,” ಮಿನಾಸೆ ಕಣ್ಣೊರೆಸಿಕೊಂಡಳು. “ಬೇರೆ ಬೇರೆಯವರು ಬರೆದಿದ್ದು ಅಂದ್ಕೊಂಡಿದ್ವಿ. ನೋಡಿದರೆ ಎಲ್ಲಾ ನೀವೇ!”

ತೊಕಿಕೊಗೆ ಆಗ ಗಂಡನಿರಲಿಲ್ಲ. ಆಮೇಲೂ ಇರಲಿಲ್ಲ.

ಅದನ್ನ ಬರೆದ, ಆ ಚಡ್ಡಿ ಒಗೆಯದ ಮಸುಯೊ ಹಿಂದಿನ ಸಾಲಲ್ಲಿ ಅಕ್ಕಿ ಬಿಸ್ಕತ್ತು ತಿನ್ನುತ್ತಾ ಕೂತಿದ್ದಳು. ತೊಕಿಕೊ ಹೋಗಿ ಪಿಸುಗುಟ್ಟಿದಳು:

“ನೀನು ಬರೆದದ್ದು ಅಂತ ಹೇಳಿಬಿಡ್ತೀನಿ ಕಣೇ.”

“ಹೆಸರು ಹೇಳಬಾರದು ಅಂತಲ್ವೇನೇ ಶಪಥ?”

“ನಾನು ಬರೆದಿಲ್ಲ ಅಂತಷ್ಟೇ ಹೇಳ್ತೀನಿ, ಹಾಗಾದ್ರೆ.”

“ಹೇಳು. ಮತ್ತೆ ನೀನ್ಯಾರು ಅಂತ ಕೇಳ್ತಾರೆ. ಏನಂತೀಯ?” ಮಸುಯೊ ಬಿಸ್ಕತ್ತು ಕಟಕ್ಕನೆ ಮುರಿದಳು.

ಅಷ್ಟರಲ್ಲಿ ಮಿನಾಸೆ ಹಳೇ ಅಚ್ಚಿನ ಚೌಕಟ್ಟು, ಹೊಸ ಮೇಣದ ಹಾಳೆ, ಕಬ್ಬಿಣದ ಕಡ್ಡಿ ತಂದು ಮೇಜಿನ ಮೇಲಿಟ್ಟಳು. “ಒಂದೇ ಸಾಲು, ಸೆನ್ಸೇ. ಇವತ್ತಿನ ಹೆಂಗಸರಿಗೆ. ನಿಮ್ಮದೇ ಮಾತು.”

ಸಭೆಯ ನಲವತ್ತು ಜನ ಕತ್ತು ಚಾಚಿದರು. ತೊಕಿಕೊ ಕಡ್ಡಿ ಹಿಡಿದಳು. ಕೈ ತಯಾರಿತ್ತು, ಯಾರಾದರೂ ಹೇಳಿಕೊಟ್ಟಿದ್ದರೆ ಸಾಕಿತ್ತು. ಮಸುಯೊ ಕಡೆ ನೋಡಿದಳು. ಮಸುಯೊಳ ಬಾಯ್ತುಂಬ ಬಿಸ್ಕತ್ತು. ತೊಕಿಕೊ ಹಾಳೆಗೆ ತಾಗದ ಹಾಗೆ ಕಡ್ಡಿಯನ್ನ ಗಾಳಿಯಲ್ಲೇ ಆಡಿಸಿ ಕೆಳಗಿಟ್ಟಳು.

ಮಿನಾಸೆ ಮಸಿಯ ರೋಲರ್ ಎಳೆದಳು. ಬಿಳೀ ಕಾಗದ ಬಂತು.

ಒಬ್ಬಾಕೆ ಅದನ್ನ ಎತ್ತಿ ಹಿಡಿದು, “ಆಹಾ! ಹೆಂಗಸರ ಮೌನ!” ಅಂದಳು. ಚಪ್ಪಾಳೆಯೋ ಚಪ್ಪಾಳೆ.

“ನಂಗೊಂದು, ನಂಗೊಂದು!” ಸರತಿ ಬೆಳೆಯಿತು. ಮಿನಾಸೆ ಎಳೆದಳು, ಎಳೆದಳು. ಬಿಳೀದು, ಬಿಳೀದು.

“ಸಹಿ ಹಾಕ್ಕೊಡಿ, ಸೆನ್ಸೇ.”

ತೊಕಿಕೊ ಪ್ರತಿ ಹಾಳೆಯ ಕೆಳಗೂ ಮುತ್ತಿನಂಥ ಅಕ್ಷರದಲ್ಲಿ ತನ್ನ ಹೆಸರು ಬರೆಯತೊಡಗಿದಳು. ಸರತಿಯ ಕೊನೆಯಲ್ಲಿ ಮಸುಯೊ ನಿಂತಿದ್ದಳು. ಉಳಿದ ಬಿಸ್ಕತ್ತು ಸುತ್ತಿಕೊಳ್ಳೋಕೆ ಅವಳಿಗೊಂದು ಕಾಗದ ಬೇಕಿತ್ತು.