ನಲವತ್ನಾಲ್ಕೋ ನಲವತ್ತೈದೋ

ಹಾಲ್ವರ್ ಟ್ವೈಟ್‌ನಂಥ ಹಟಮಾರಿಯ ಜೊತೆ ಇಷ್ಟು ವರ್ಷ ಬಾಳಿದವಳಿಗೆ ಕರಡಿ ಯಾವ ಲೆಕ್ಕ ಎಂದು ನೀವು ಕೇಳಬಹುದು. ಅವನ ಹೆಂಡತಿ ಆರ್ಡಿತ್ ಕೂಡ ಅದನ್ನೇ ಕೇಳುತ್ತಿದ್ದಳು. ಆದರೆ ಅಲಾಸ್ಕದ ಆ ಕೊಲ್ಲಿಯ ದಂಡೆಗೆ ಬೇಸಿಗೆಯಲ್ಲಿ ಸಾಲ್ಮನ್ ಮೀನಿಗಾಗಿ ಮನುಷ್ಯರು ಬರುವಷ್ಟೇ ಆಸೆಯಿಂದ ಕರಡಿಗಳೂ ಬರುತ್ತವೆ. ಹಾಗಾಗಿ ಟ್ವೈಟ್ ಮನೆತನದವರು ಬಲೆ ಹಾಕುವ ಜಾಗದಲ್ಲಿ, ಅಲ್ಲಿನ ಹಲಗೆಯ ಗುಡಿಸಲಿನಲ್ಲಿ, ರಾತ್ರಿ ಮಲಗುವವರು ಯಾರೇ ಆಗಲಿ ಮೊದಲು ತಟ್ಟೆ ಹೊಡೆಯಬೇಕು. ಹಾಲ್ವರ್‌ನ ತಾಯಿ ಮಾಡಿಟ್ಟ ಕಟ್ಟಳೆ ಅದು. ಪೈ ಎಂಬ ಸಿಹಿತಿಂಡಿ ಇಡುವ ಕಾಗದದ ತಟ್ಟೆಯೊಂದನ್ನು ಹತ್ತು ಹೆಜ್ಜೆ ದೂರದಲ್ಲಿ ಸಿಕ್ಕಿಸಿ, ರಿವಾಲ್ವರಿನ ಆರು ಗುಂಡಿನಲ್ಲಿ ಐದನ್ನು ಅದರೊಳಗೆ ಕೂರಿಸಬೇಕು. ಕೂರಿಸಿದವರಿಗೆ ಗುಡಿಸಲಿನಲ್ಲಿ ಹಾಸಿಗೆ, ಉಳಿದವರು ದೋಣಿ ಹತ್ತಿ ಮನೆಗೆ.

ಆರ್ಡಿತ್ ಮಾತ್ರ ಯಾವತ್ತೂ ತಟ್ಟೆ ಹೊಡೆದವಳಲ್ಲ. ಗಂಡನ ಜೊತೆ ಬರುವ ಹೆಂಡತಿಗೆ ಆ ಕಟ್ಟಳೆಯಲ್ಲಿ ವಿನಾಯಿತಿ ಇತ್ತು. ಗಂಡ ಪಕ್ಕದಲ್ಲೇ ಮಲಗಿರುವಾಗ, ಅವನ ತಲೆದಿಂಬಿನ ಹತ್ತಿರ ನಲವತ್ನಾಲ್ಕು ಮ್ಯಾಗ್ನಂ ರಿವಾಲ್ವರ್ ಇರುವಾಗ, ಅವಳಿಗೆ ಅದರ ಗೊಡವೆ ಯಾಕೆ ಬೇಕಿತ್ತು?

ಈ ವರ್ಷ ಎಲ್ಲ ತಲೆಕೆಳಗಾಯಿತು. ಹಾಲ್ವರ್‌ಗೆ ಸೊಂಟದ ಕೀಲು ಬದಲಾಯಿಸಿದ್ದರು. ಈ ಬೇಸಿಗೆ ದೋಣಿ ಹತ್ತುವ ಮಾತೇ ಇಲ್ಲ ಎಂದರು ಡಾಕ್ಟರು. ಅವನು ಆಸ್ಪತ್ರೆಯ ಮಂಚದ ಮೇಲೇ ತೀರ್ಮಾನ ಮಾಡಿಬಿಟ್ಟ. “ಮುಗೀತು. ಜಾಗ ಮಾರಿಬಿಡೋಣ.” ಮಕ್ಕಳಿಲ್ಲದ ಆರ್ಡಿತ್‌ಗೆ ವರ್ಷವೆಂದರೆ ಗುಡಿಸಲಿನಲ್ಲಿ ಕಳೆಯುವ ಆ ಎರಡು ತಿಂಗಳೇ. ಉಳಿದದ್ದೆಲ್ಲ ಅದಕ್ಕಾಗಿ ಕಾಯುವುದು. “ನಾನೊಬ್ಬಳೇ ಹೋಗ್ತೀನಿ. ಬಲೆ ಎಳೆಯೋಕೆ ಪಕ್ಕದ ಜಾಗದವರು ಬರ್ತಾರೆ, ಕೇಳಿದೀನಿ,” ಎಂದಳು.

“ಹಗಲು ಬರ್ತಾರೆ. ರಾತ್ರಿ?”

“ರಾತ್ರಿ ಬಾಗಿಲು ಹಾಕ್ಕೊಂಡು ಮಲಗ್ತೀನಿ.”

“ಹಾಗಾದ್ರೆ ತಟ್ಟೆ ಹೊಡಿ. ನಲವತ್ನಾಲ್ಕರಲ್ಲೇ ಹೊಡೀಬೇಕು. ಹೊಡೆದ್ರೆ ಹೋಗು, ಇಲ್ದಿದ್ರೆ ಮಾರೋದೇ.” ಅವನು ಹಾಗೆಂದರೆ ಹಾಗೇ. ಅಮ್ಮನ ಕಟ್ಟಳೆಯ ವಿಷಯದಲ್ಲಿ ಅವನನ್ನು ಅಲುಗಾಡಿಸಿದವರನ್ನು ಆ ಊರು ಕಂಡಿಲ್ಲ.

ಹೀಗೆ ಮೇ ತಿಂಗಳ ಒಂದು ಶನಿವಾರ ಮೂವರು ಊರಾಚೆಯ, ಜಲ್ಲಿ ಅಗೆದು ಬಿಟ್ಟ ಹಳೇ ಹಳ್ಳದಲ್ಲಿ ಸೇರಿದರು. ಮೂರನೆಯವಳು ಮಾವ್ರಾ. ಶನಿವಾರಗಳಲ್ಲಿ ಆ ಹಳ್ಳದಲ್ಲಿ ಗುಂಡು ಹೊಡೆಯುವವರ ಮೇಲೆ ಕಣ್ಣಿಡುವವಳು ಅವಳೇ. ಆರ್ಡಿತ್‌ನ ಬಾಲ್ಯದ ಗೆಳತಿ, ಗಂಡುಬೀರಿ, ನಾಲಿಗೆಗೆ ಲಗಾಮು ಹಾಕಿಕೊಳ್ಳುವ ಅಭ್ಯಾಸವೇ ಇಲ್ಲದವಳು. ಅವಳು ತನ್ನ ಟ್ರಕ್ಕಿನಿಂದ ಒಂದು ನಲವತ್ತೈದು ಕೋಲ್ಟ್ ರಿವಾಲ್ವರನ್ನೂ ತಂದು ಮೇಜಿನ ಮೇಲಿಟ್ಟಾಗ ಹಾಲ್ವರ್ ಊರುಗೋಲಿನಿಂದ ಅದರ ಕಡೆ ತೋರಿಸಿ, “ಈ ಅಜ್ಜನ ಕಾಲದ್ದು ಯಾಕೆ?” ಎಂದ.

“ನಲವತ್ನಾಲ್ಕಕ್ಕಿಂತ ನಲವತ್ತೈದು ದೊಡ್ಡದು ಕಣಪ್ಪಾ. ಶಾಲೇಲಿ ಹೇಳ್ಕೊಡ್ಲಿಲ್ವಾ?”

“ಗುಂಡು ದಪ್ಪ, ಓಟ ಇಲ್ಲ. ನಲವತ್ನಾಲ್ಕು ಅದರ ಒಂದೂವರೆಪಟ್ಟು ಜೋರಾಗಿ ಓಡತ್ತೆ. ಕೈ ಎಷ್ಟು ನೋಯತ್ತೋ ಕರಡಿ ಅಷ್ಟು ಬೇಗ ಬೀಳತ್ತೆ.”

ಇದು ಅವನೊಬ್ಬನ ಮಾತಲ್ಲ. ಆ ದಂಡೆಯ ಗಂಡಸರೆಲ್ಲ ದೋಣಿಕಟ್ಟೆಯಲ್ಲಿ ಕಾಫಿ ಹೀರುತ್ತ ಹೇಳುವುದೇ ಇದನ್ನು. ಅಂಗೈ ಬಾತುಕೊಂಡರೆ ಅದನ್ನು ಮೆಡಲ್ ಥರ ತೋರಿಸಿಕೊಂಡು ತಿರುಗುತ್ತಾರೆ. ನೋವಿಗೂ ಗುರಿಗೂ ಏನು ಸಂಬಂಧ ಎಂದು ಒಬ್ಬನಾದರೂ ಕೇಳಿದ್ದನ್ನು ನಾನಂತೂ ಕೇಳಿಲ್ಲ.

ಆರ್ಡಿತ್ ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಮೊದಲು ನಲವತ್ನಾಲ್ಕನ್ನೇ ಹಿಡಿದಳು. ಮಾವ್ರಾ ತೋಟಾ ತುಂಬಿ ಕೊಟ್ಟಳು. ಮೊದಲ ಗುಂಡಿಗೇ ಮಣಿಕಟ್ಟು ಹಿಂದಕ್ಕೆ ಮಡಚಿಕೊಂಡು, ಹೆಬ್ಬೆರಳ ಬುಡದಲ್ಲಿ ಚುರ್ ಎಂದಿತು. ಎರಡನೆಯದು ತಟ್ಟೆಯ ಅಂಚಿನಾಚೆ ಹೋಯಿತು. ಮೂರನೆಯ ಸಲ ಅವಳು ಕುದುರೆ ಎಳೆದಾಗ ‘ಟಿಕ್’ ಎಂದಿತಷ್ಟೆ. ಗುಂಡು ಹಾರಲಿಲ್ಲ, ಆದರೆ ರಿವಾಲ್ವರಿನ ಮೂತಿ ತಾನಾಗಿಯೇ ನೆಲದ ಕಡೆ ಬಗ್ಗಿತು.

“ನೋಡಿದೆಯಾ?” ಎಂದಳು ಮಾವ್ರಾ. “ನಿಂಗೆ ಹೇಳದೇ ನಡುವೆ ಒಂದು ಖಾಲಿ ತೋಟಾ ಹಾಕಿದ್ದೆ. ಗುಂಡು ಹಾರೋಕೆ ಮುಂಚೇನೇ ನಿನ್ನ ಕೈ ಬೆದರ್ತಿದೆ. ಹಾರೋ ಗುಂಡಿನ ಸದ್ದಲ್ಲಿ ಇದು ಕಾಣಲ್ಲ. ಖಾಲಿ ತೋಟಾ ಸುಳ್ಳು ಹೇಳಲ್ಲ ಕಣೇ.”

“ಥೂ, ಮೋಸಗಾತಿ!” ಎಂದು ಆರ್ಡಿತ್ ನಕ್ಕಳು. ಆದರೆ ಹಾರಿದ ಐದರಲ್ಲಿ ತಟ್ಟೆಗೆ ಬಿದ್ದದ್ದು ಎರಡು ಮಾತ್ರ. ಇನ್ನೊಂದು ಸಲ ಹೊಡೆದಾಗ ಒಂದೇ. ಕೈ ಸೋಲುತ್ತ ಹೋದಂತೆ ಬೆದರುವುದೂ ಹೆಚ್ಚುತ್ತ ಹೋಯಿತು. ಹೆಬ್ಬೆರಳ ಬುಡದಲ್ಲಿ ಚರ್ಮ ಕಿತ್ತು ರಕ್ತ ಜಿನುಗಿತು. ಹಾಲ್ವರ್ ಟ್ರಕ್ಕಿನ ಕೆಳಗಿಳಿಸಿದ ಹಿಂಬಾಗಿಲ ಮೇಲೆ ಕೂತು ನೋಡುತ್ತಿದ್ದ. ಅವನ ಮುಖದಲ್ಲಿ ಗೆದ್ದ ಖುಷಿ ಇರಲಿಲ್ಲ, ಅದು ಅವಳಿಗೆ ವಿಚಿತ್ರವೆನಿಸಿತು.

ಆಮೇಲೆ ನಲವತ್ತೈದು. ನಲವತ್ನಾಲ್ಕರ ಹೊಡೆತ ಕೆನ್ನೆಗೆ ಬಾರಿಸಿದ ಹಾಗಿದ್ದರೆ ಇದು ಭುಜ ಹಿಡಿದು ಹಿಂದಕ್ಕೆ ನೂಕಿದ ಹಾಗಿತ್ತು. ಕೈ ಮೇಲೆದ್ದು ಮತ್ತೆ ಅದೇ ಜಾಗಕ್ಕೆ ಬಂದು ಕೂರುತ್ತಿತ್ತು. ಹೊಸ ರಿವಾಲ್ವರು, ಗೊತ್ತಿಲ್ಲದ ಹಿಡಿ, ಆದರೂ ನಾಲ್ಕು ಗುಂಡು ತಟ್ಟೆಯೊಳಗೆ ಬಿದ್ದವು. ಆರ್ಡಿತ್‌ಗೆ ಜೀವ ಬಂದಂತಾಯಿತು. “ಹಾಲ್ವರ್, ಇದರಲ್ಲಿ ನಾನು ಪಾಸಾಗ್ತೀನಿ ಕಣೋ!”

“ತಟ್ಟೆಗೆ ತೂತು ಬಿದ್ರೆ ಸಾಲದು. ಕರಡಿ ಕಾಗದದ್ದಲ್ಲ.”

ಮಾತು ತಪ್ಪೇನಲ್ಲ, ಮಾವ್ರಾ ಕೂಡ ಅದನ್ನು ಒಪ್ಪಿದಳು. ಒಪ್ಪಿ ಸುಮ್ಮನಾಗುವವಳೇ? ನೀರು ತುಂಬಿದ ಹಾಲಿನ ಡಬ್ಬಿಗಳನ್ನು ಹಲಗೆಯ ಮೇಲೆ ಒಂದರ ಹಿಂದೊಂದು ಸಾಲಾಗಿ ಜೋಡಿಸಿದಳು. ನಲವತ್ತೈದಕ್ಕೆ ಗಟ್ಟಿ ಸೀಸದ ಭಾರದ ಗುಂಡಿನ ತೋಟಾ ಹಾಕಿ ಹೊಡೆದಾಗ ಐದು ಡಬ್ಬಿ ಒಡೆದು ಆರನೆಯದರಲ್ಲಿ ಗುಂಡು ನಿಂತಿತು. ನಲವತ್ನಾಲ್ಕು ಆರನೆಯದನ್ನೂ ದಾಟಿ ಹೋಯಿತು. ಹಾಲ್ವರ್ ಹುಬ್ಬು ಹಾರಿಸಿದ.

“ಸರಿಯಪ್ಪಾ, ನಿಂದು ಒಂದು ಡಬ್ಬಿ ಜಾಸ್ತಿ,” ಎಂದಳು ಮಾವ್ರಾ, ಮುಖದ ಮೇಲಿನ ನೀರು ಒರೆಸಿಕೊಳ್ಳುತ್ತ. “ಆದ್ರೆ ಐದು ಡಬ್ಬಿ ದಪ್ಪಕ್ಕಿಂತ ಒಳಗೆ ಕರಡಿಯ ಹೃದಯ ಇರತ್ತಾ, ಹೇಳು. ಮತ್ತೆ ಡಬ್ಬಿಗೇ ತಾಗದ ಗುಂಡು ಎಷ್ಟು ಡಬ್ಬಿ ಒಡೆಯತ್ತೆ, ಅದನ್ನೂ ಹೇಳು.”

“ನಿಮ್ಮಿಬ್ಬರಿಗೆ ಬುದ್ಧಿ ಹೇಳೋಕೆ ಆಗಲ್ಲ.” ಅವನು ಊರುಗೋಲು ಊರಿ ಎದ್ದ. “ಕೊಡಿಲ್ಲಿ. ನಲವತ್ನಾಲ್ಕನ್ನ ಹೇಗೆ ಹೊಡೀಬೇಕು ಅಂತ ತೋರಿಸ್ತೀನಿ. ತುಂಬಿ ಕೊಡು, ಆರ್ಡಿತ್.”

ಅವಳಿಗೆ ರೇಗಿಹೋಯಿತು. ಅಲ್ಲ, ಜಾಗ ಹೋಗುತ್ತಿರುವುದು ಇವಳದು, ರಕ್ತ ಬಂದದ್ದು ಇವಳ ಕೈಯಲ್ಲಿ, ಇವನಿಗೆ ಈಗಲೂ ಪ್ರದರ್ಶನದ ಹಂಬಲ! ಅವನು ಊರುಗೋಲನ್ನು ಮೇಜಿಗೆ ಒರಗಿಸಿ ಕಿವಿಮುಚ್ಚಳ ಹಾಕಿಕೊಳ್ಳುವಷ್ಟರಲ್ಲಿ ಅವಳು ರಿವಾಲ್ವರಿನ ಉರುಳೆಗೆ ಐದು ಜೀವಂತ ತೋಟಾ ತುಂಬಿ, ಮೂರನೆಯ ಮನೆಯಲ್ಲಿ ಹೊಡೆದು ಖಾಲಿಯಾದದ್ದೊಂದನ್ನು ಕೂರಿಸಿದಳು. ಮಾವ್ರಾ ನೋಡಿದಳು. ಅವಳ ಬಾಯಿ ತೆರೆಯಿತು, ಮತ್ತೆ ಮುಚ್ಚಿಕೊಂಡಿತು.

ಮೊದಲನೆಯ ಗುಂಡು ತಟ್ಟೆಯ ಕೆಳಗೆ ಮಣ್ಣು ಹಾರಿಸಿತು. “ಸೊಂಟ ಇನ್ನೂ ಕೂತಿಲ್ಲ,” ಎಂದ. ಎರಡನೆಯದೂ ಕೆಳಗೇ ಹೋಯಿತು. ಮೂರನೆಯದಕ್ಕೆ ಟಿಕ್ ಎಂದಿತು.

ರಿವಾಲ್ವರಿನ ಮೂತಿ ಮೊಣಕಾಲಿನ ಮಟ್ಟಕ್ಕೆ ಕುಸಿಯಿತು. ಆರ್ಡಿತ್‌ನ ಕೈ ಬೆದರಿದ್ದಕ್ಕಿಂತ ಇದು ಎಷ್ಟೋ ಹೆಚ್ಚು. ಅವನ ಕಣ್ಣುಗಳು ಗಟ್ಟಿಯಾಗಿ ಮುಚ್ಚಿಕೊಂಡಿದ್ದವು. ಹಲ್ಲು ಕಚ್ಚಿಕೊಂಡಿದ್ದ, ಹೆಗಲು ಕಿವಿಯ ತನಕ ಏರಿತ್ತು. ಬಾರದ ಹೊಡೆತಕ್ಕೆ ಮೈಯೆಲ್ಲ ಮುದುಡಿಕೊಂಡು ನಿಂತ ಗಂಡನನ್ನು ನೋಡಿ ಅವಳ ಬಾಯಿಗೆ ಬಂದಿದ್ದ ನಗು ಅಲ್ಲೇ ಒಣಗಿತು. ಇಷ್ಟು ವರ್ಷದಲ್ಲಿ ಅವನು ಹೆದರಿದ್ದನ್ನು ಅವಳು ನೋಡಿರಲಿಲ್ಲ.

ಹಾಲ್ವರ್ ಕಣ್ಣು ಬಿಟ್ಟ. ಬಗ್ಗಿದ ಮೂತಿಯನ್ನು ನೋಡಿದ. ನಿಧಾನವಾಗಿ ಉರುಳೆ ತೆರೆದು ತೋಟಾಗಳನ್ನೆಲ್ಲ ಮೇಜಿನ ಮೇಲೆ ಸುರಿದ.

“ಯಾರು ಹಾಕಿದ್ದು?”

“ನಾನೇ,” ಎಂದಳು ಆರ್ಡಿತ್. “ತಪ್ಪಾಯ್ತು ಕಣೋ. ಕೋಪ ಬಂದಿತ್ತು.”

ಮಾವ್ರಾ ಒಡೆದ ಡಬ್ಬಿಗಳನ್ನು ಹೆಕ್ಕುವ ನೆಪದಲ್ಲಿ ದೂರ ಹೋದಳು. ಗಂಡ ಹೆಂಡತಿ ಟ್ರಕ್ಕಿನ ಹಿಂಬಾಗಿಲ ಮೇಲೆ ಅಕ್ಕಪಕ್ಕ ಕೂತರು. ಆರ್ಡಿತ್ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟಳು. ಅವನು ಕುಡಿಯಲಿಲ್ಲ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ಸೊಂಟದ್ದಲ್ಲ ಇದು,” ಎಂದ.

“ಮತ್ತೆ?”

“ಎಷ್ಟೋ ವರ್ಷದಿಂದ ಹೀಗೇ. ಮೊದಲು ಚೆನ್ನಾಗೇ ಹೊಡೀತಿದ್ದೆ. ಹೊಡೀತಾ ಹೊಡೀತಾ ಕೈ ಹೆದರೋಕೆ ಶುರುವಾಯ್ತು. ಒಂದಿನ ಈ ಹಳ್ಳಕ್ಕೆ ಒಬ್ಬನೇ ಬಂದು ತಟ್ಟೆ ಹೊಡೆದೆ, ಒಂದೂ ಬೀಳಲಿಲ್ಲ. ಆಮೇಲೆ ಬರೋದೇ ಬಿಟ್ಟೆ.”

“ಹಾಗಿದ್ರೆ ಹಗುರದ್ದು ತಗೋಬಹುದಿತ್ತಲ್ಲೋ ಮಾರಾಯ! ಯಾರು ಬೇಡ ಅಂದಿದ್ರು?”

“ದೋಣಿಕಟ್ಟೇಲಿ ಯಾವ ಮುಖ ಇಟ್ಕೊಂಡು ಓಡಾಡ್ಲಿ? ಇಡೀ ಊರಿಗೆ ನಲವತ್ನಾಲ್ಕರ ಭಾಷಣ ಬಿಗಿದೋನು ನಾನೇ.” ಅವನು ಲೋಟದೊಳಗೇ ನೋಡುತ್ತಿದ್ದ. “ಅಮ್ಮನ ಲೆಕ್ಕದಲ್ಲಿ ಆ ಗುಡಿಸಲಲ್ಲಿ ಮಲಗೋ ಯೋಗ್ಯತೆ ನಂಗಿರಲಿಲ್ಲ. ಆದ್ರೂ ನಿನ್ನ ಕರ್ಕೊಂಡು ಹೋಗ್ತಿದ್ದೆ. ನೀನು ಮಲಗಿದ ತಕ್ಷಣ ಗೊರಕೆ. ನಾನು ಬಾಗಿಲು ನೋಡ್ಕೊಂಡು ಕೂತಿರ್ತಿದ್ದೆ. ಕರಡಿ ಹೊರಗೆ ಮೂಸೋ ಸದ್ದು ಕೇಳಿದಾಗೆಲ್ಲ, ಇವತ್ತು ಒಳಗೆ ಬಂದ್ರೆ ನಾನು ಹೊಡೆದ ಗುಂಡು ತಾಗಲ್ಲ, ಕರಡಿ ಮೊದಲು ಇವಳ ಮಂಚಕ್ಕೇ ಹೋಗತ್ತೆ ಅಂತ ಹೆದರ್ತಿದ್ದೆ. ನಿನ್ನ ಮಂಚ ತಾನೇ ಬಾಗಿಲ ಹತ್ರ ಇದ್ದದ್ದು.”

ಆ ಗುಡಿಸಲಿನಲ್ಲಿ ಮಲಗಿದಂತೆ ಅವಳು ಜಗತ್ತಿನ ಬೇರೆಲ್ಲೂ ಮಲಗಿದವಳಲ್ಲ. ಬೆಳಿಗ್ಗೆ ಎದ್ದು ಮೈ ಮುರಿಯುತ್ತ, ಕೆಂಪು ಕಣ್ಣಿನ ಗಂಡನನ್ನು ನೋಡಿ, “ವಯಸ್ಸಾಯ್ತು ನಿಂಗೆ, ನಿದ್ದೆಯೇ ಇಲ್ಲ” ಎಂದು ಎಷ್ಟು ಸಲ ಗೇಲಿ ಮಾಡಿದ್ದಳೋ! ಅವಳ ನಿದ್ದೆಯೆಲ್ಲ ಅವನ ನಿದ್ದೆಗೆಟ್ಟ ರಾತ್ರಿಗಳ ಮೇಲೆ ನಿಂತಿತ್ತು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

“ಹೇಳ್ಬಾರದಿತ್ತಾ, ದಡ್ಡ?”

“ಹೇಳಿದ್ರೆ ನಿಂಗೂ ನಿದ್ದೆ ಹೋಗ್ತಿತ್ತು.”

ಅವಳು ಅವನ ಕೈಯಿಂದ ಲೋಟ ತೆಗೆದು ಪಕ್ಕಕ್ಕಿಟ್ಟು, ಆ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಹಾಲ್ವರ್ ಮೂಗು ಒರೆಸಿಕೊಂಡು ಗದರಿದ. “ಏಳು. ತಟ್ಟೆ ಹೊಡಿ. ಆ ನಲವತ್ತೈದರಲ್ಲೇ ಹೊಡಿ. ಆದ್ರೆ ಕನಿಕರಕ್ಕೆ ಪಾಸ್ ಮಾಡ್ತೀನಿ ಅಂದ್ಕೋಬೇಡ. ಐದು ಅಂದ್ರೆ ಐದು.”

“ನಿನ್ನ ಕನಿಕರ ಯಾರಿಗೆ ಬೇಕಾಗಿದೆ?” ಎನ್ನುತ್ತ ಅವಳು ಕೆಳಗಿಳಿದಳು. ಮಾವ್ರಾ ಹೊಸ ತಟ್ಟೆ ಸಿಕ್ಕಿಸಿದಳು, ಭಾರದ ಗುಂಡಿನ ತೋಟಾಗಳನ್ನೇ ತುಂಬಿದಳು, ಆರೂ ಮನೆಯನ್ನು ಹಾಲ್ವರ್‌ಗೆ ತೋರಿಸಿದಳು.

ಮೊದಲ ಗುಂಡು ಬಿತ್ತು. ಎರಡನೆಯದೂ ಬಿತ್ತು. ಮೂರನೆಯದಕ್ಕೆ ಕಣ್ಣು ಮಂಜಾಯಿತು, ಗುಂಡು ಬಲಕ್ಕೆ ಹಾರಿ ಜಲ್ಲಿಗೆ ಬಡಿಯಿತು. ಇನ್ನೊಂದು ತಪ್ಪಿದರೆ ಜಾಗ ಹೋಯಿತು. ಅವಳು ರಿವಾಲ್ವರನ್ನು ಮೇಜಿನ ಮೇಲಿಟ್ಟು, ಕನ್ನಡಕ ತೆಗೆದು ತೋಳಿನಿಂದ ಕಣ್ಣೊರೆಸಿಕೊಂಡಳು. ಹಿಂದಿನಿಂದ ಅವನು ಏನೋ ಹೇಳಿದ. ಮುಚ್ಚಳದೊಳಗಿಂದ ಅವಳಿಗೆ ಕೇಳಿಸಲಿಲ್ಲ, ತಿರುಗಿಯೂ ನೋಡಲಿಲ್ಲ. ಉಸಿರು ಬಿಟ್ಟು, ಕುದುರೆಯನ್ನು ಮೆಲ್ಲಗೆ, ಯಾವಾಗ ಹಾರುತ್ತದೋ ಹಾರಲಿ ಎಂಬಂತೆ ಎಳೆದಳು. ನಾಲ್ಕು, ಐದು, ಆರು.

ಹಾಲ್ವರ್ ಊರುಗೋಲನ್ನು ಮೇಜಿನ ಹತ್ತಿರವೇ ಬಿಟ್ಟು, ಅವಳ ಹೆಗಲು ಹಿಡಿದುಕೊಂಡು ತಟ್ಟೆಯ ತನಕ ಕುಂಟಿದ. ತೂತುಗಳನ್ನು ಒಂದೊಂದಾಗಿ ಬೆರಳಿಟ್ಟು ಮುಟ್ಟಿದ. ಐದು ಇದ್ದವು.

“ಹೋಗು,” ಎಂದ.

“ನೀನೇನು ಮಾಡ್ತೀಯಾ ಇಲ್ಲಿ? ಈ ಬೇಸಿಗೆಯಾದ್ರೂ ಕಣ್ತುಂಬ ನಿದ್ದೆ ಮಾಡು.”

ಅವನು ಇಲ್ಲವೆಂದು ತಲೆಯಾಡಿಸಿದ. “ನಿದ್ದೆ ಎಲ್ಲಿಂದ ಬರ್ಬೇಕು ಕಣೇ? ಹೆದರಿಕೆಗೆ ಎಚ್ಚರ ಇರೋದು ಅಭ್ಯಾಸವಾಗಿ ಹೋಗಿತ್ತು. ಈಗ ಹೆದರಿಕೆ ಇಲ್ಲ. ಆದ್ರೆ ಆಸ್ಪತ್ರೇಲಿ ಇದ್ದದ್ದು ಬಿಟ್ರೆ ನಿನ್ನ ಆ ಗೊರಕೆ ಕೇಳದೇ ಒಂದು ರಾತ್ರೀನೂ ಕಳೆದವನಲ್ಲ ನಾನು.”

ಆರ್ಡಿತ್‌ಗೆ ಅಳು ತಡೆಯಲಿಲ್ಲ. ಜಲ್ಲಿ ಹಳ್ಳದ ನಡುವೆ, ತೂತುಬಿದ್ದ ತಟ್ಟೆಯ ಮುಂದೆ, ಅವನ ಅಂಗಿ ಹಿಡಿದುಕೊಂಡು ಅವಳು ಗಟ್ಟಿಯಾಗಿ ಅತ್ತಳು. ಇಬ್ಬರೂ ಬೀಳದಂತೆ ಅವನು ಅವಳನ್ನು ಹಿಡಿದುಕೊಂಡು ನಿಂತ.