ವೇಷವಿಲ್ಲದ ಫೋಟೊ

"ಇದು ನೀವಲ್ಲ, ಯಾವುದೋ ಜಡ್ಜು," ಎಂದು ಹೆಂಡತಿ ಫೋಟೊವನ್ನು ಮಂಚದ ಮೇಲೆ ಎಸೆದಳು.

"ಅದು?"

"ಕುಂಟ ಡಾಕ್ಟರು. ಇದು ಕಳ್ಳಸಾಗಣೆಯವನು. ಇದು ನಮ್ಮ ಮದುವೇದು... ಅಯ್ಯೋ, ಇದರಲ್ಲೂ ಮೀಸೆ ಅಂಟಿಸ್ಕೊಂಡಿದೀರಲ್ಲ!"

"ಶೂಟಿಂಗ್‌ನಿಂದ ಸೀದಾ ಬಂದಿದ್ದೆ."

ಯಾವ ಪಾತ್ರ ಕೊಟ್ಟರೂ ಸೈ ಎಂದು ಸಿನಿಮಾದವರೂ ಟಿವಿಯವರೂ ಆ ನಟನನ್ನು ಹೊಗಳುತ್ತಿದ್ದರು. ಈಗಿನ ಧಾರಾವಾಹಿಯಲ್ಲಿ ಅವನ ಪಾತ್ರ ನಿನ್ನೆ ತಾನೇ ಎದೆ ಹಿಡಿದುಕೊಂಡು ಸತ್ತಿತ್ತು. ಇನ್ನು ಕಥೆ ಮುಗಿಯುವವರೆಗೂ ಗೋಡೆಯ ಮೇಲಿನ ಫೋಟೊವೇ ಅವನ ಅಭಿನಯ. 'ವೇಷ ಬೇಡ ಸಾರ್, ನಿಮ್ಮದೇ ಮುಖ ಇರ್ಲಿ' ಎಂದಿದ್ದ ಡೈರೆಕ್ಟರ್. ಅವನಿಗೆ ಹೇಳಿಕೊಳ್ಳಲಾಗದಷ್ಟು ಖುಷಿಯಾಗಿತ್ತು. ಸತ್ತ ಮೇಲಾದರೂ ತನ್ನ ಮುಖಕ್ಕೆ ಒಂದು ಪಾತ್ರ ಸಿಕ್ಕಿತ್ತು.

"ಇಲ್ಲಿ ಒಂದೂ ಇಲ್ಲ, ಸೆಟ್ಟಲ್ಲೇ ತೆಗೆಸ್ಕೊಳ್ಳಿ," ಎಂದಳು ಹೆಂಡತಿ. "ಮನೆಗೂ ಒಂದು ಕಾಪಿ ತನ್ನಿ."

"ಮನೆಗ್ಯಾಕೆ?"

"ಇರ್ಲಿ. ಮುಂದೆ ಬೇಕಾಗುತ್ತಲ್ಲ."

ಸೆಟ್ಟಿನಲ್ಲಿ ಫೋಟೊಗ್ರಾಫರ್ ಅವನನ್ನು ಸ್ಟೂಲಿನ ಮೇಲೆ ಕೂರಿಸಿ, "ನೀವು ನೀವಾಗೇ ಇರಿ ಸಾರ್," ಎಂದ. ಅವನು ಮುಗುಳ್ನಕ್ಕ.

"ಅದು ಪೊಲೀಸ್ ಕಮಿಷನರ್ ನಗು ಸಾರ್."

ಮುಖ ಸಡಿಲಿಸಿದ.

"ಇದು ಮಗಳು ಓಡಿಹೋದ ಅಪ್ಪ. ಏನೂ ಮಾಡ್ಬೇಡಿ ಸಾರ್."

ಏನೂ ಮಾಡದೆ ಕುಳಿತ.

"ಇದನ್ನೂ ನೋಡಿದೀನಿ. ಕೋಮಾದಲ್ಲಿದ್ದ ಪೇಶೆಂಟು."

ಮೇಕಪ್ಪಿನವನು ಕಿಸಕ್ಕನೆ ನಕ್ಕ. ನಟನಿಗೆ ನಗು ಬರಲಿಲ್ಲ, ಭಯವಾಯಿತು. ಬೆವರು ಒರೆಸಿಕೊಳ್ಳಲು ಎದ್ದುಹೋದ.

ಲೈಟು ಹೊಂದಿಸುವಾಗ ಅವನ ಬದಲು ನಿಲ್ಲಲೆಂದು ಒಬ್ಬ ಡ್ಯೂಪ್ ಇದ್ದ. ಅದೇ ಎತ್ತರ, ಹೆಚ್ಚುಕಡಿಮೆ ಅದೇ ಮೂಗು, ಕ್ಯಾಮೆರಾ ಮುಂದೆ ಏನೂ ಮಾಡದಿರುವುದೇ ಅವನ ಕಸುಬು. ಆ ಡ್ಯೂಪ್ ಹೋಗಿ ಸ್ಟೂಲಿನ ಮೇಲೆ ಕುಳಿತ. ಫೋಟೊಗ್ರಾಫರ್ ಲೈಟು ಪರೀಕ್ಷಿಸಲು ಒಂದು ಫೋಟೊ ಕ್ಲಿಕ್ಕಿಸಿದ.

ಪರದೆಯಲ್ಲಿ ಅದನ್ನು ನೋಡಿದ ಡೈರೆಕ್ಟರ್ ಕುಣಿದಾಡಿಬಿಟ್ಟ. "ಇದೇ! ಕೊನೆಗೂ ನೀವು ಸಿಕ್ಕಿದ್ರಿ ಸಾರ್!"

ಬೆವರು ಒರೆಸಿಕೊಂಡು ಬಂದಿದ್ದ ಅವನು, ಅದು ತಾನಲ್ಲ ಎನ್ನಲು ಬಾಯಿ ತೆರೆದ. ಡ್ಯೂಪ್ ಅಭ್ಯಾಸಬಲದಿಂದ ತಲೆ ತಗ್ಗಿಸಿ ಪಕ್ಕಕ್ಕೆ ಸರಿದ. ಫೋಟೊಗ್ರಾಫರ್ ಕ್ಯಾಮೆರಾ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ.

"ಹೂಂ," ಎಂದ ಅವನು.

ಮಧ್ಯಾಹ್ನ ಫೋಟೊ ಗೋಡೆಗೇರಿತು. ಧಾರಾವಾಹಿಯ ಹೆಂಡತಿ ಅದರ ಮುಂದೆ ನಿಂತು ಗ್ಲಿಸರಿನ್ ಇಲ್ಲದೆಯೇ ಅತ್ತಳು. ಅವನು ಸತ್ತಾಗ ಅವಳಿಗೆ ಎರಡು ಸಲ ಗ್ಲಿಸರಿನ್ ಹಾಕಬೇಕಾಗಿತ್ತು. ಹೊರಡುವಾಗ ಡೈರೆಕ್ಟರ್ ಇನ್ನೊಂದು ಪ್ರಿಂಟನ್ನು ಕಟ್ಟು ಹಾಕಿಸಿ ಅವನ ಕೈಗಿತ್ತ.

ಮನೆಯಲ್ಲಿ ಹೆಂಡತಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅವನು ಅವಳ ಮುಖವನ್ನೇ ನೋಡುತ್ತಿದ್ದ. ಇವಳಾದರೂ ಕಂಡುಹಿಡಿಯುತ್ತಾಳೆ. ಕಂಡುಹಿಡಿಯಲಿ.

"ಇದು ನೀವು," ಎಂದಳು. ಅವಳ ಕಣ್ಣು ತುಂಬಿ ಬಂದಿತ್ತು. "ಇಷ್ಟು ವರ್ಷದಲ್ಲಿ ಇದೊಂದೇ."

"ಅದು..."

"ಏನು?"

"ಏನಿಲ್ಲ. ಗಾಜು ಜೋಪಾನ."

ಕ್ಯಾಲೆಂಡರ್ ತೆಗೆದು ಆ ಮೊಳೆಗೇ ಫೋಟೊ ತೂಗುಹಾಕಿದಳು. "ನೆಟ್ಟಗಿದೆಯಾ ನೋಡಿ," ಎಂದು ಹೇಳಿ ಅಡುಗೆಮನೆಗೆ ಹೋದಳು.

ಅವನು ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ನೆಟ್ಟಗಿತ್ತು. ಅವಳು ತಿರುಗಿ ಬರುವುದರೊಳಗೆ, ಹೊಸ ಪಾತ್ರ ಸಿಕ್ಕಾಗ ಮಾಡುವಂತೆ, ಮೊದಲು ಹುಬ್ಬು, ಆಮೇಲೆ ತುಟಿ, ಆ ಮುಖವನ್ನು ಅಭ್ಯಾಸ ಮಾಡತೊಡಗಿದ.