ತಾಯಿಯವರಿಂದ ಎರಡು ಮಾತು

"ಕುಂಡ್ರ ಯವ್ವಾ, ಇನ್ನ ಎಷ್ಟೊತ್ತ ನಿಂದರ್ತಿ?" ಎಂದು ಅಜ್ಜಿ ಕೃಷ್ಣವ್ವ ಮೂರನೆಯ ಸಲ ಹೇಳಿದಳು.

ಪಡಸಾಲೆಯ ನಡುವೆ ಮಣೆ ಹಾಕಿತ್ತು. ಮುದುಕಿಯ ಕೈಯ ಬುಟ್ಟಿಯಲ್ಲಿ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಎಲೆ ಅಡಿಕೆ, ಒಂದು ಹಸಿರು ಕುಪ್ಪಸದ ಖಣ. ಮೊಮ್ಮಗಳು ಪ್ರಜ್ಞಾ ದೇಶದ ಹಾಕಿ ತಂಡಕ್ಕೆ ಆಡಲು ಹೊರಟಿದ್ದಾಳೆ, ಉಡಿ ತುಂಬದೆ ಕಳಿಸುವುದುಂಟೆ? ಗೋಡೆಯ ಮೇಲಿನ ಬುದ್ಧನ ಫೋಟೋ ತೋರಿಸಿ ಮಗ ಪರಶು ಬೆಳಗ್ಗೆಯೇ ಒಮ್ಮೆ ತಕರಾರು ತೆಗೆದಿದ್ದ. "ಬುದ್ಧಪ್ಪ ಬ್ಯಾಡ ಅಂತಾನೇನ? ಅಂದ್ರ ನನ್ನ ಮುಂದ ಬಂದ ಹೇಳ್ಲಿ," ಎಂದು ಮುದುಕಿ ಅವನ ಬಾಯಿ ಮುಚ್ಚಿಸಿದ್ದಳು.

"ನಿಂತ ತುಂಬ ಆಯಿ. ಲಗೂ ಮುಗೀತೈತಿ," ಎಂದಳು ಪ್ರಜ್ಞಾ.

"ನಿಂತಾಕಿಗೆ ಯಾರರ ಉಡಿ ತುಂಬ್ತಾರೇನ?"

ಓಣಿಯ ಹೆಂಗಸರು ನಕ್ಕರು. ಮೂಲೆಯಲ್ಲಿದ್ದ ಬಾಯವ್ವನಿಗೆ ಇಂಥ ಸಂದರ್ಭ ಸಿಕ್ಕರೆ ಹಬ್ಬ. "ಟೀವ್ಯಾಗ ಬಂದಮ್ಯಾಲ ನೆಲಾ ಹತ್ತವಲ್ದು ನೋಡು ಹುಡುಗಿಗೆ," ಎಂದಳು.

ಮಾತು ತಾಗಿತು. ಪ್ರಜ್ಞಾ ಬಾಗಿಲ ಚೌಕಟ್ಟು ಹಿಡಿದು, ಬಲಗಾಲನ್ನು ಮುಂದೆ ನೆಟ್ಟಗೆ ಚಾಚಿ, ಎಡಗಾಲಿನ ಮೇಲೆ ಮೈಭಾರ ಹಾಕಿ ಅರ್ಧ ಇಳಿದಳು. ಅಲ್ಲಿಗೆ ನಿಂತಳು. ಮತ್ತೆ ಮೇಲೆದ್ದಳು. ಮುಖದಲ್ಲಿ ನಗು ಇತ್ತು, ಮೇಲ್ತುಟಿಯ ಮೇಲೆ ಬೆವರು ಇತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಾಯಿ ಭಾಗ್ಯಾ ಆ ಬೆವರನ್ನು ಕಂಡಳು.

ಭಾಗ್ಯಾ ಸಂಗೊಳ್ಳಿಯಲ್ಲಿ ಹದಿನೈದು ವರ್ಷಗಳಿಂದ ಆಶಾ ಕಾರ್ಯಕರ್ತೆ. ಯಾರ ಮನೆಯ ಸೊಸೆ ಎಷ್ಟು ತಿಂಗಳ ಬಸುರಿ, ಯಾರಿಗೆ ಸಕ್ಕರೆ ಕಾಯಿಲೆ, ಯಾರು ಕೊಟ್ಟ ಗುಳಿಗೆಯನ್ನು ನುಂಗದೆ ಹಿತ್ತಲಿಗೆ ಎಸೆಯುತ್ತಾರೆ, ಎಲ್ಲ ಅವಳಿಗೆ ಗೊತ್ತು. ಊರ ಮಂದಿಯ ಮೈ ಓದುವವಳಿಗೆ ಸ್ವಂತ ಮಗಳ ಮೈ ಕಾಣಲಿಲ್ಲವಲ್ಲ ಎಂದು ಅವಳ ಕಿವಿ ಬಿಸಿಯಾದವು. ಊರಿಗೆ ಬಂದ ಮೂರು ದಿನಗಳಿಂದ ಹುಡುಗಿ ಚಾಪೆಯ ಮೇಲೆ ಮಲಗಿಲ್ಲ, ಅಪ್ಪನ ಮಂಚ ಹಿಡಿದಿದ್ದಾಳೆ. ಊಟಕ್ಕೂ ಮಂಚದ ತುದಿಯೇ. ದಿನಾ ಮುಂಜಾನೆ ಆರಕ್ಕೆ ಹಾಕಿ ಕಲಿಸಿದ ಬಸಲಿಂಗಪ್ಪ ಮಾಸ್ತರರ ಮನೆಗೆ ಹೋಗುತ್ತಾಳೆ. ಹಳೆಯ ಆಟದ ವಿಡಿಯೋ ನೋಡುತ್ತೇವೆ ಎಂದಿದ್ದಳು. ಭಾಗ್ಯಾ ಅದನ್ನು ನಂಬಿದ್ದಳು, ನಂಬಿ ಬೀಗಿಯೂ ಇದ್ದಳು. ಮಾಸ್ತರರು ಊರ ನಡುವಿನ ದೊಡ್ಡ ಓಣಿಯವರು. ಗುಳಿಗೆ ಕೊಡಲು ಹೋದಾಗಲೂ ಭಾಗ್ಯಾ ಆ ಮನೆಯ ಕಟ್ಟೆ ದಾಟಿದವಳಲ್ಲ. ತನ್ನ ಮಗಳು ಒಳಮನೆಯವರೆಗೆ ಹೋಗಿ ಬರುತ್ತಾಳೆ ಎಂದು ನಾಲ್ಕು ಮಂದಿಯ ಮುಂದೆ ಹೇಳಿಕೊಂಡಿದ್ದಳು.

ಆ ಮನೆಯಲ್ಲಿ ಕಮೋಡ್ ಇದೆ. ಇಡೀ ಊರಿನಲ್ಲಿ ಇರುವುದು ಮೂರೋ ನಾಲ್ಕೋ ಮನೆಯಲ್ಲಿ. ಹುಡುಗಿ ಹೋಗುತ್ತಿದ್ದದ್ದು ಅದಕ್ಕೆ.

ಉಡಿಯನ್ನು ನಿಂತೇ ತುಂಬಿಸಿಕೊಂಡದ್ದಾಯಿತು. ಹೆಂಗಸರು ಹೊರಗೆ ಹೋದದ್ದೇ ತಡ ಭಾಗ್ಯಾ ಮಗಳನ್ನು ಒಳಕೋಣೆಗೆ ಕರೆದು ಬಾಗಿಲು ಹಾಕಿದಳು.

"ಪ್ಯಾಂಟ್ ಮ್ಯಾಲ ಮಾಡು."

"ಯಾಕಬೇ?"

"ಮ್ಯಾಲ ಮಾಡಂದ್ನಿ."

ಬಲ ಮೊಣಕಾಲಿನ ಚಿಪ್ಪಿನ ಎರಡೂ ಬದಿಯ ತಗ್ಗು ತುಂಬಿ ಹೋಗಿತ್ತು. ಭಾಗ್ಯಾ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು. ಮಗಳು ಉಸಿರು ಒಳಗೆಳೆದುಕೊಂಡಳು.

"ಯಾವಾಗಿಂದ?"

"ಎರಡ ತಿಂಗಳಾತು. ಪುಣೆದಾಗ ನೌಕರಿ ಕೊಟ್ಟ ಕಂಪನಿ ಟೀಮಿಗೆ ಆಡೂ ಮುಂದ ಕಾಲ ತಿರುವಿ ಬಿದ್ದಿದ್ನಿ. ಲಿಗಮೆಂಟ್ ಹರದೈತಿ. ಪೂರಾ ಅಲ್ಲ, ಅರ್ಧಾ."

"ಡಾಕ್ಟರ್ ಏನಂದಾರ?"

"ಆಪರೇಶನ್ ಅಂದಾರ. ಎಂಟ ಒಂಬತ್ತ ತಿಂಗಳ ಆಡಬಾರ್ದಂತ."

"ಆಡಿದ್ರ?"

"ಪೂರಾ ಹರೀಬಹುದು. ಹರೀದನೂ ಇರಬಹುದು." ಪ್ರಜ್ಞಾ ಪ್ಯಾಂಟು ಇಳಿಸಿಕೊಂಡಳು. "ಕ್ಯಾಂಪಿನಾಗ ಒಂದು ಫಾರ್ಮ್ ಇರ್ತೈತಿ. ಏನೂ ನೋವಿಲ್ಲಂತ ಬರದ ಕೊಡ್ತೇನಿ. ಮ್ಯಾಚಿನ ದಿನಾ ಸೂಜಿ ಮಾಡಿಸ್ಕೋತೇನಿ. ಓಡಾಕ ಬರ್ತೈತಿ ನನಗ. ಕುಂಡ್ರಾಕ ಅಷ್ಟ ಬರೂದಿಲ್ಲ. ಅಲ್ಲಿ ಯಾರೂ ಕುಂಡ್ರ ಅನ್ನೂದಿಲ್ಲ."

ಭಾಗ್ಯಾಳಿಗೆ ಹೊಡೆಯಬೇಕೆನಿಸಿತು. ಇಪ್ಪತ್ತನಾಲ್ಕು ವರ್ಷದ ಮಗಳ ಕೆನ್ನೆಗೆ ಒಂದು ಬಾರಿಸಿ ಮಂಚಕ್ಕೆ ಕಟ್ಟಿಹಾಕಬೇಕೆನಿಸಿತು.

"ಮೂವತ್ತಕ್ಕ ಕೋಲ ಹಿಡೀತಿ ನೀ."

"ಈಗೂ ಕೋಲ ಹಿಡದೇನಿ. ಕೋಲ ಹಿಡದ ಸಲುವಾಗಿನ ಈ ಮನಿಗೆ ಸ್ಲ್ಯಾಬ್ ಬಿತ್ತು." ಪ್ರಜ್ಞಾಳ ದನಿ ಏರಲಿಲ್ಲ. ಅದೇ ಹೆಚ್ಚು ಉರಿಸುವಂತಿತ್ತು. "ಆರ ವರ್ಷ ಆತು, ಕ್ಯಾಂಪಿಗೆ ಹೋಗೂದು, ಬ್ಯಾಗ್ ಹೊತಗೊಂಡು ತಿರುಗಿ ಬರೂದು. ಈಗ ಮೊದಲನೇ ಸಲ ಹದಿನೆಂಟ ಮಂದ್ಯಾಗ ನನ್ನ ಹೆಸರ ಬಂದೈತಿ. ದೊಡ್ಡ ಮನಿ ಹುಡುಗ್ಯಾರು ಒಂಬತ್ತ ತಿಂಗಳ ಮಲಗಿ ಎದ್ದ ಬಂದ್ರೂ ಅವರ ಜಾಗಾ ಹಿಡದ ಇಟ್ಟಿರ್ತಾರ. ನನ್ನ ಜಾಗಾ ಯಾರ ಹಿಡೀತಾರ? ನೀ ಹಿಡೀತಿ?"

"ಕಂಪನ್ಯಾವ್ರು ಹೋಗ ಅಂದಾರೇನ?"

"ಬ್ಯಾಡಂದಾರ. ಹಂಗಂತ ಅವರಿಗೆ ನನ್ನ ಕಾಲಿನ ಕಾಳಜಿ ಅಂತ ತಿಳಕೋಬ್ಯಾಡ. ಚಳಿಗಾಲದಾಗ ಅವರ ಟೂರ್ನಮೆಂಟ್ ಐತಿ, ಅದಕ್ಕ ಬೇಕು ಈ ಕಾಲು. ಎಲ್ಲಾರಿಗೂ ಬೇಕು. ಅದಕ್ಕ ನಾನ ಬಳಸ್ತೇನಿ ಅಂದ್ನಿ."

ಹುಡುಗಿಯ ಮಾತಿನಲ್ಲಿ ಸುಳ್ಳಿರಲಿಲ್ಲ. ಸುಳ್ಳಿದ್ದರೆ ಸಿಟ್ಟಿಗೆ ಒಂದು ದಾರಿಯಾದರೂ ಸಿಗುತ್ತಿತ್ತು. ಅವಳು ಚಪ್ಪಲಿ ಮೆಟ್ಟಿಕೊಂಡು ನೆಟ್ಟಗೆ ದೊಡ್ಡ ಓಣಿಗೆ ನಡೆದಳು.

ಬಸಲಿಂಗಪ್ಪ ಮಾಸ್ತರರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬೈಲಹೊಂಗಲದಲ್ಲಿ ಪ್ರಜ್ಞಾಳಿಗಿದ್ದ ಸತ್ಕಾರಕ್ಕೆ ಹೊರಡಲು ಸಿದ್ಧರಾಗಿ ಕಟ್ಟೆಯ ಮೇಲೆ ಕೂತಿದ್ದರು. ನಿವೃತ್ತರಾಗಿ ಏಳು ವರ್ಷವಾಗಿದ್ದರೂ ಕೊರಳಲ್ಲಿ ಸೀಟಿ ಜೋತಾಡುತ್ತಿತ್ತು. ಹತ್ತು ವರ್ಷದ ಪ್ರಜ್ಞಾಳ ಕೈಗೆ ಮೊದಲ ಸ್ಟಿಕ್ ಕೊಟ್ಟವರು ಅವರೇ. ಅದನ್ನು ಭಾಗ್ಯಾ ಮರೆತಿರಲಿಲ್ಲ.

"ಬಾ ತಂಗಿ, ಕುಂಡ್ರು."

"ಕುಂಡ್ರೂ ಮಾತ ಬ್ಯಾಡ್ರಿ ಸರ್ ಇವತ್ತ. ನನ್ನ ಮಗಳ ಕಾಲಿಂದು ನಿಮಗ ಗೊತ್ತಿತ್ತೇನ್ರಿ?"

ಮಾಸ್ತರರು ಸೀಟಿಯ ದಾರವನ್ನು ಬೆರಳಿಗೆ ಸುತ್ತಿದರು. "ಗೊತ್ತಿತ್ತು. ಮನ್ಯಾಗ ಹೇಳಬ್ಯಾಡ್ರಿ ಅಂದ್ಳು. ನೋಡ ತಂಗಿ, ನಮ್ಮ ಕಾಲದಾಗ ಬೆರಳ ಮುರದ್ರೂ ಬಟ್ಟಿ ಸುತ್ತಿ ಆಡೀವಿ. ದೇಶದ ಅಂಗಿ ಅದು. ನನ್ನ ಜನ್ಮದಾಗ ಬರಲಿಲ್ಲ, ಈ ಸುತ್ತಿನ ನಾಲ್ಕ ತಾಲೂಕಿನಾಗ ಯಾರಿಗೂ ಬಂದಿಲ್ಲ. ಒಂದ ತಿಂಗಳ ತಡಕೊಂಡ್ರ..."

"ನಿಮ್ಮ ಮಗಳಿಗೆ ಬಿಸಲು ತಾಗ್ತೈತಂತ ಗ್ರೌಂಡಿಗೆ ಕಳಿಸಲಿಲ್ಲ ನೀವು. ಧಾರವಾಡದಾಗ ಪ್ರೊಫೆಸರ್ ಆಗ್ಯಾಳ. ನನ್ನ ಮಗಳ ಕಾಲ ಹರದ್ರೂ ತಡ್ಕೋಬೇಕ?"

ಮಾಸ್ತರರು ಬೆರಳಿನ ದಾರ ಬಿಚ್ಚಿ ಸೀಟಿಯನ್ನು ಅಂಗಿಯೊಳಗೆ ಇಳಿಬಿಟ್ಟರು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರಲ್ಲಿ ಎಲ್ಲರೂ ಕೆಟ್ಟವರಾಗಿರುವುದಿಲ್ಲ. ಕೆಲವರು ನಿಜವಾದ ಪ್ರೀತಿಯಿಂದಲೇ ತಳ್ಳುತ್ತಾರೆ.

ಬೈಲಹೊಂಗಲಕ್ಕೆ ಹೋಗುವ ಕ್ರೂಸರ್ ಗಾಡಿಯಲ್ಲಿ ಭಾಗ್ಯಾ ಗಂಡನ ಕಿವಿಯಲ್ಲಿ ವಿಷಯ ಹೇಳಿದಳು. ಬಸ್ಸಿನ ಕಂಡಕ್ಟರನಾದ ಪರಶು ಸಾವಿರ ಮಂದಿಯ ಗದ್ದಲವನ್ನು ಸುಮ್ಮನಾಗಿಸಬಲ್ಲವನು. ಹೆಂಡತಿಯ ಮಾತು ಕೇಳಿ ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂತ ಮಗಳ ಬೆನ್ನು ನೋಡಿದ. ಪಿಸುದನಿಯಲ್ಲಿ, "ಈಗ ಬಾಯಿ ತಗೀಬ್ಯಾಡ. ಊರ ತುಂಬ ಫ್ಲೆಕ್ಸ್ ಕಟ್ಟ್ಯಾರ," ಎಂದ.

"ಫ್ಲೆಕ್ಸ್ ಹರದ್ರ ಇನ್ನೊಂದ ಮಾಡಸ್ತಾರ."

"ಆಕಿ ಶಾಣ್ಯಾಕಿ ಅದಾಳ. ತನ್ನ ಕಾಲು ತನಗ ಗೊತ್ತಿರೂದಿಲ್ಲೇನ?"

ಭಾಗ್ಯಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವಳ ಕೆಲಸದಲ್ಲಿ ಒಂದು ಉಪಾಯವಿತ್ತು. ಬಸುರಿ ಸೊಸೆಗೆ ರಕ್ತ ಹೋಗುತ್ತಿದ್ದರೂ ದವಾಖಾನೆಗೆ ಕಳಿಸದೆ ಮುಚ್ಚಿಡುವ ಮನೆಗಳಿರುತ್ತವೆ. ಅಂಥ ಮನೆಯೊಳಗೆ ಕೂತು ಎಷ್ಟು ಬೇಡಿಕೊಂಡರೂ ನಡೆಯುವುದಿಲ್ಲ. ಭಾಗ್ಯಾ ಹೊರಗೆ ಬಂದು ಓಣಿಯ ನಡುವೆ ನಿಂತು, "ಈ ಮನಿ ಸೊಸಿ ಸಾಯಾಕ ಹತ್ತ್ಯಾಳ, ಇವರಿಗೆ ಕಣ್ಣ ಕಾಣವಲ್ದು," ಎಂದು ಗಟ್ಟಿಯಾಗಿ ಹೇಳಿಬಿಡುತ್ತಿದ್ದಳು. ಕಾಲು ಗಂಟೆಯಲ್ಲಿ ಗಾಡಿ ಬರುತ್ತಿತ್ತು. ನಾಲ್ಕು ಮಂದಿಗೆ ಗೊತ್ತಾದ ಮೇಲೆ ಯಾರಾದರೂ ನಾಚಲೇಬೇಕು. ಹದಿನೈದು ವರ್ಷಗಳಲ್ಲಿ ಈ ಉಪಾಯ ಒಮ್ಮೆಯೂ ಸೋತಿರಲಿಲ್ಲ.

ಸಭಾಭವನದಲ್ಲಿ ಐನೂರು ಮಂದಿ ಇದ್ದರು. ಪ್ರಜ್ಞಾಳ ತಲೆಗೆ ಪೇಟ ಸುತ್ತಿ, ಶಾಲು ಹೊದಿಸಿ, ಮೊಣಕೈಯಷ್ಟು ದಪ್ಪದ ಹಾರ ಹಾಕಿದರು. ಭಾಷಣ ಶುರುವಾಯಿತು. ಈ ಕಡೆ ಹೆಣ್ಣುಮಗಳೊಬ್ಬಳು ಏನು ಗೆದ್ದರೂ ಅವಳನ್ನು ಚೆನ್ನಮ್ಮ ಎನ್ನದೆ ಬಿಡುವುದಿಲ್ಲ. ಹತ್ತನೇ ಇಯತ್ತೆಯಲ್ಲಿ ನೂರಕ್ಕೆ ತೊಂಬತ್ತು ತೆಗೆದರೂ ಚೆನ್ನಮ್ಮ, ಪಂಚಾಯತಿಗೆ ಆರಿಸಿ ಬಂದರೂ ಚೆನ್ನಮ್ಮ. ಮೂರು ಭಾಷಣಗಳಲ್ಲಿ ಪ್ರಜ್ಞಾ ಒಂಬತ್ತು ಸಲ ಚೆನ್ನಮ್ಮನಾದಳು. ರಾಣಿಯ ಕಡೆಯ ದಿನಗಳು ಇದೇ ಊರಿನ ಸೆರೆಯಲ್ಲಿ ಕಳೆದವು ಎಂಬುದನ್ನು ಯಾರೂ ಎತ್ತಲಿಲ್ಲ. ಹುಡುಗಿ ಕುರ್ಚಿಯಲ್ಲಿ ಬಲಗಾಲು ಚಾಚಿ ಕೂತು ನಗುತ್ತಿದ್ದಳು.

"ಈಗ ವೀರಪುತ್ರಿಯ ತಾಯಿಯವರಿಂದ ಎರಡು ಮಾತು," ಎಂದು ಯುವಕ ಸಂಘದ ಭೀಮಶಿ ಮೈಕಿನಲ್ಲಿ ಕರೆದ.

ಭಾಗ್ಯಾ ಎದ್ದಳು. ಮಗಳು ತಲೆಯನ್ನು ಸಣ್ಣಗೆ ಅಲ್ಲಾಡಿಸಿದಳು, ಬೇಡ ಎಂದು. ಭಾಗ್ಯಾ ಮೈಕು ಹಿಡಿದಳು.

"ನಾ ಆಶಾ ಕೆಲಸ ಮಾಡಾಕಿ. ಭಾಷಣ ಬರೂದಿಲ್ರಿ. ನನ್ನ ಮಗಳ ಬಲ ಮೊಣಕಾಲಾಗ ಲಿಗಮೆಂಟ್ ಹರದೈತಿ. ಡಾಕ್ಟರ್ ಆಪರೇಶನ್ ಆಗಬೇಕಂದಾರ. ಆಡಿದ್ರ ಕಾಲ ಹೋಗ್ತೈತಿ. ಇದನ್ನ ಆಕಿ ನಿಮಗ ಹೇಳಿಲ್ಲ, ಕ್ಯಾಂಪಿನಾಗೂ ಹೇಳೂದಿಲ್ಲ. ಸೂಜಿ ಮಾಡಿಸ್ಕೊಂಡು ಆಡ್ತೇನಂತಾಳ. ಮುಂಜಾನಿ ಉಡಿ ತುಂಬಾಕ ಮಣಿ ಮ್ಯಾಲ ಕುಂಡ್ರಾಕ ಆಗಲಿಲ್ಲ ಆಕಿಗೆ. ನೀವೆಲ್ಲಾ ಹಿರ್ಯಾರ ಅದೀರಿ. ಆಕಿಗೆ ಬುದ್ಧಿ ಹೇಳ್ರಿ."

ಅಲ್ಲಲ್ಲಿ ಮೇಲೆತ್ತಿದ್ದ ಮೊಬೈಲುಗಳು ಹಾಗೆಯೇ ನಿಂತಿದ್ದವು. ನಾಚುತ್ತಾರೆ, ಈಗ ಒಬ್ಬರಾದರೂ ಎದ್ದು ಮಾತಾಡುತ್ತಾರೆ ಎಂದು ಭಾಗ್ಯಾ ಮುಂದಿನ ಸಾಲಿನ ಮುಖಗಳನ್ನು ಒಂದೊಂದಾಗಿ ನೋಡಿದಳು.

ಭೀಮಶಿ ಅವಳ ಕೈಯಿಂದ ಮೈಕು ಇಸಿದುಕೊಂಡ. ಅವನ ಕಣ್ಣು ತುಂಬಿದ್ದವು.

"ಕೇಳಿದ್ರಿ? ಕಾಲ ಹರದ್ರೂ ದೇಶಕ್ಕ ಆಡ್ತಾಳಂತ ನಮ್ಮ ಹುಡುಗಿ. ಇದಕ್ಕ ಅಂತಾರ ಕಿತ್ತೂರ ಮಣ್ಣು."

ಹಿಂದಿನ ಸಾಲಿನಿಂದ ಒಂದು ಸಿಳ್ಳೆ ಬಂತು. ಆಮೇಲೆ ಚಪ್ಪಾಳೆ. ಮೂರು ಭಾಷಣಗಳಿಗೂ ಸೇರಿ ಬೀಳದಷ್ಟು ಚಪ್ಪಾಳೆ. ಜನ ಎದ್ದು ನಿಂತರು. ಜೈಕಾರ ಹಾಕಿದರು. ಪರಶು ಕೂಡ ಎದ್ದು ನಿಂತು, ಮೂಗು ಒರೆಸಿಕೊಳ್ಳುತ್ತ ಚಪ್ಪಾಳೆ ಹೊಡೆಯುತ್ತಿದ್ದ. ಬಸಲಿಂಗಪ್ಪ ಮಾಸ್ತರರು ಮಾತ್ರ ಕೂತೇ ಇದ್ದರು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು.

"ಹಂಗಲ್ರಿ, ನಾ ಹೇಳಿದ್ದು ಹಂಗಲ್ಲ," ಎಂದು ಭಾಗ್ಯಾ ಅಂದಳು. ಯಾರಿಗೂ ಕೇಳಿಸಲಿಲ್ಲ. ನಾಚಿಕೆಗೆಟ್ಟ ಮಂದಿಯನ್ನು ಅವಳು ಕಂಡಿದ್ದಳು. ಇವರು ನಾಚಿಕೆಗೆಟ್ಟವರಲ್ಲ, ಅಳುತ್ತಿದ್ದರು.

ಪ್ರಜ್ಞಾ ತಾಯಿಯ ಕಡೆ ನೋಡಲಿಲ್ಲ. ಅವಳ ಕಣ್ಣು ಸಭೆಯ ಮೇಲಿತ್ತು. ಮೊದಲ ಸಾಲಿನಿಂದ ಕಡೆಯ ಸಾಲಿನವರೆಗೆ ಹೋಗಿ ಮತ್ತೆ ಹಿಂತಿರುಗಿತು. ಮುಖದ ನಗು ಎಲ್ಲೋ ಮಧ್ಯದಲ್ಲಿ ನಿಂತುಹೋಗಿತ್ತು.

ಮುಂದಿನ ಸಾಲಿನಿಂದ ಒಬ್ಬ ಹಿರಿಯ, ಮುದಕಪ್ಪ ಎಂಬವನು, ಚಪ್ಪಲಿ ಬಿಟ್ಟು ವೇದಿಕೆ ಹತ್ತಿ ಬಂದ. ಹುಡುಗಿಯ ಮುಂದೆ ಬಾಗಿ, ಚಾಚಿದ ಬಲ ಮೊಣಕಾಲನ್ನು ಎರಡೂ ಕೈಗಳಿಂದ ಒತ್ತಿ ಹಿಡಿದು, ಆ ಕೈಗಳನ್ನು ಕಣ್ಣಿಗೊತ್ತಿಕೊಂಡ. ಪ್ರಜ್ಞಾಳ ಬೆರಳುಗಳು ಕುರ್ಚಿಯ ಅಂಚನ್ನು ಕಚ್ಚಿ ಹಿಡಿದವು. ಅವನ ಹಿಂದೆ ಇನ್ನೊಬ್ಬ ಬಂದ. ಅವನ ಹಿಂದೆ ಕೂಸನ್ನು ಎತ್ತಿಕೊಂಡ ಒಬ್ಬ ಹೆಂಗಸು. ಕೂಸಿನ ಅಂಗೈಯನ್ನು ಅದೇ ಮೊಣಕಾಲಿಗೆ ಒತ್ತಿಸಿದಳು. ವೇದಿಕೆಯ ಮೆಟ್ಟಿಲ ಬಳಿ ಸರದಿ ನಿಂತಿತು. ಭೀಮಶಿ, "ಒಬ್ಬೊಬ್ಬರ ಬರ್ರಿ, ಗದ್ಲ ಮಾಡಬ್ಯಾಡ್ರಿ," ಎನ್ನುತ್ತಿದ್ದ.

ಭಾಗ್ಯಾ ಸರದಿಯನ್ನು ಸರಿಸಿ ಒಳಗೆ ನುಗ್ಗಿದಳು. ಮಗಳ ಕುರ್ಚಿಯ ಮುಂದೆ ನೆಲದ ಮೇಲೆ ಕೂತು, ಆ ಮೊಣಕಾಲಿನ ಸುತ್ತ ತನ್ನ ಎರಡೂ ಅಂಗೈಗಳನ್ನು ಮುಚ್ಚಿದಳು. ಬಟ್ಟೆಯ ಮೇಲೂ ಬಿಸಿ ತಾಗುತ್ತಿತ್ತು. ಬಂದವರು ಅದೂ ಸರಿಯೆಂದುಕೊಂಡು ಅವಳ ಕೈಗಳನ್ನೇ ಮುಟ್ಟಿ ಕಣ್ಣಿಗೊತ್ತಿಕೊಂಡು ಮುಂದೆ ಹೋದರು.

ಮಗಳು ತನ್ನನ್ನು ತಳ್ಳುತ್ತಾಳೆ ಎಂದು ಭಾಗ್ಯಾ ಕಾದಳು. ಪ್ರಜ್ಞಾ ಹಾರವನ್ನು ಪಕ್ಕಕ್ಕೆ ಸರಿಸಿ ಮುಂದಕ್ಕೆ ಬಾಗಿದಳು. ಅವಳ ಉಸಿರು ತಾಯಿಯ ಕಿವಿಗೆ ತಾಗಿತು.

"ಕೈ ತಗೀಬ್ಯಾಡಬೇ," ಎಂದಳು.

ಸರದಿ ಬಾಗಿಲು ದಾಟಿ ಹೊರಗಿನ ಬಿಸಿಲಿನವರೆಗೆ ಹೋಗಿತ್ತು. ಭಾಗ್ಯಾ ಅಲ್ಲೇ ಕೂತಿದ್ದಳು.